ಎರಕದ ಮನೆಯ ಮಾಯಮ್ಮ ಮತ್ತು ಮೂರನೆಯವರು

ಹಾಸನದ ರೈಲು ನಿಲ್ದಾಣದ ಹಿಂದೆ, ಗೂಡ್ಸ್ ಷೆಡ್ಡು ದಾಟಿದ ಮೇಲೆ, ರಾಮಣ್ಣನ ಎರಕದ ಮನೆ ಇತ್ತು. ಚನ್ನರಾಯಪಟ್ಟಣದ ಕಡೆ ಹೊಲ ತೋಟ ಇದ್ದ ಮನೆತನದವನು ರಾಮಣ್ಣ. ಬೇಸಾಯವನ್ನು ಅಣ್ಣಂದಿರಿಗೆ ಬಿಟ್ಟು ಹಾಸನಕ್ಕೆ ಬಂದು, ಮೊದಮೊದಲು ಕಬ್ಬಿನ ಗಾಣದ ಉರುಳೆಗಳನ್ನೂ ತೂಕದ ಬಟ್ಟುಗಳನ್ನೂ ಎರಕ ಹೊಯ್ಸಿ ಮಾರುತ್ತಿದ್ದ. ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯ ಮಾಯಮ್ಮ ಅಲ್ಲಿ ಕೆಲಸಕ್ಕೆ ಸೇರಿದ್ದು ಸಾವಿರದ ಒಂಬೈನೂರ ಐವತ್ತೈದರಲ್ಲಿ. ಅವಳ ಗಂಡ ಬೈರಯ್ಯ ರೈಲು ಹಳಿಯ ಗ್ಯಾಂಗಿನಲ್ಲಿದ್ದ. ಅವನನ್ನು ಹಾಸನಕ್ಕೆ ಹಾಕಿದಾಗ ಇಬ್ಬರೂ ಒಂದು ಪೆಟ್ಟಿಗೆ, ಎರಡು ಚಾಪೆ, ಒಂದು ಒರಳುಕಲ್ಲಿನೊಂದಿಗೆ ಬಂದು ಹಳಿಯ ಪಕ್ಕದ ಕೇರಿಯಲ್ಲಿ ಬಾಡಿಗೆಗೆ ಇಳಿದುಕೊಂಡರು.

ಊರಿನಲ್ಲಿ ಮಾಯಮ್ಮ ಒಲೆ ಹಾಕುವುದರಲ್ಲಿ ಹೆಸರಾಗಿದ್ದಳು. ಅವಳು ಮಣ್ಣು ತುಳಿದು, ಹೊಟ್ಟು ಸೇರಿಸಿ ಕಟ್ಟಿದ ಒಲೆ ಎಷ್ಟು ಉರಿಸಿದರೂ ಬಿರುಕು ಬಿಡುತ್ತಿರಲಿಲ್ಲ. ಎರಕದ ಮನೆಯಲ್ಲಿ ಮಾತ್ರ ಅದು ಯಾರಿಗೂ ಗೊತ್ತಿರಲಿಲ್ಲ. ಮರಳು ಜರಡಿ ಹಿಡಿಯುವ ಹೆಂಗಸರ ಸಾಲಿನಲ್ಲಿ ಅವಳೂ ಒಬ್ಬಳಾದಳು. ಒಂದು ಮಧ್ಯಾಹ್ನ ಗಂಡಸರೆಲ್ಲ ಊಟಕ್ಕೆ ಎದ್ದು ಹೋಗಿದ್ದಾಗ ಮರಳಿನ ಅಚ್ಚೊಂದರ ಅಂಚು ಕುಸಿಯುತ್ತಿದ್ದುದನ್ನು ಕಂಡು, ಬೆರಳು ಒದ್ದೆ ಮಾಡಿಕೊಂಡು ಸವರಿ ನಿಲ್ಲಿಸಿದಳು. ಊಟ ಮುಗಿಸಿ ಬಂದ ಮೇಸ್ತ್ರಿ ಕೆಂಪಣ್ಣ ಬಗ್ಗಿ ನೋಡಿದ.

"ಯಾರವ್ವ ಇದ ಮುಟ್ಟಿದ್ದು?"

"ನಾನೇ ಕಣಣ್ಣ. ಬೀಳಂಗಿತ್ತು, ಅದ್ಕೆ..."

"ಬೈಯಾಕೆ ಕೇಳ್ಲಿಲ್ಲ ಕಣವ್ವ. ನಾಳಿಂದ ಜರಡಿ ಬುಡು. ಕೋರು ಮಾಡದ ಕಲ್ತ್ಕೊ."

ಎರಕದ ಪದಾರ್ಥ ಒಳಗೆ ಪೊಳ್ಳಾಗಿರಬೇಕಾದರೆ, ಅಚ್ಚಿನ ನಡುವೆ ಆ ಪೊಳ್ಳಿನದೇ ಆಕಾರದ ಮರಳಿನ ಗಟ್ಟಿಯೊಂದನ್ನು ಇಟ್ಟು ಸುತ್ತಲೂ ಕಬ್ಬಿಣ ಹೊಯ್ಯಬೇಕು. ಆ ಗಟ್ಟಿಗೆ ಕೋರು ಎನ್ನುತ್ತಾರೆ. ಮರಳಿಗೆ ಕಾಕಂಬಿ ಸೇರಿಸಿ, ಮರದ ಪೆಟ್ಟಿಗೆಯಲ್ಲಿ ಒತ್ತಿ, ಗೂಡಿನಲ್ಲಿ ಬೇಯಿಸಿದರೆ ಅದು ಇಟ್ಟಿಗೆಯ ಹಾಗೆ ನಿಲ್ಲುತ್ತದೆ. ಕಬ್ಬಿಣ ಆರಿದ ಮೇಲೆ ಬಡಿದು ಉದುರಿಸಿಬಿಡುತ್ತಾರೆ. ಕೆಂಪಣ್ಣ ಅವಳ ಎದುರು ಕೂತು, ಎಷ್ಟು ಒತ್ತಬೇಕು, ಎಲ್ಲಿ ಉಗಿ ಹೋಗಲು ತೂತು ಬಿಡಬೇಕು, ಬೆಂದಿದೆಯೋ ಇಲ್ಲವೋ ಎಂದು ಉಗುರಿನಿಂದ ಗೀರಿ ಹೇಗೆ ನೋಡಬೇಕು ಎಂಬುದನ್ನೆಲ್ಲ ಕಲಿಸಿದ. ಮುಂಗೋಪಿ ಮನುಷ್ಯ. ಆದರೆ ಕಲಿಸುವಾಗ ಒಂದು ದಿನವೂ ರೇಗಲಿಲ್ಲ.

"ದಿನಾಲೂ ಓಯ್ತೀಯಲ್ಲ, ಅಲ್ಲೇನೇ ಮಾಡ್ತೀಯ?" ಎಂದು ಬೈರಯ್ಯ ಒಮ್ಮೆ ಕೇಳಿದ.

"ಟೊಳ್ಳು ಮಾಡ್ತೀನಿ."

"ಏನಂದೆ?"

"ಊಂ ಮತ್ತೆ. ನಾ ಮಾಡಿದ್ದ ಒಡ್ದು ಬಿಸಾಕ್ಬುಡ್ತಾರೆ. ಅದಿದ್ದ ಜಾಗ ಉಳ್ಕತದೆ. ಅದೇ ನನ್ ಕೆಲ್ಸ."

ಬೈರಯ್ಯ ಬಿದ್ದು ಬಿದ್ದು ನಕ್ಕ. ಮಾರನೆಯ ದಿನ ಗ್ಯಾಂಗಿನವರಿಗೆಲ್ಲ ಅದನ್ನು ಹೇಳಿಕೊಂಡು ಬಂದ. ಅವನಿಗೆ ಹೆಮ್ಮೆಯೇ ಆಗಿತ್ತು.

ಐವತ್ತೆಂಟರ ಬೇಸಿಗೆಗೆ ಮುಂಚೆ ರಾಮಣ್ಣನಿಗೆ ದೊಡ್ಡ ಕೆಲಸವೊಂದು ಸಿಕ್ಕಿತು. ಅರಕಲಗೂಡು ಪೇಟೆಗೆ ಕೊಳವೆಯಲ್ಲಿ ಕುಡಿಯುವ ನೀರು ಹರಿಸಲು ತಯಾರಿ ನಡೆದಿತ್ತು. ದಾರಿಯುದ್ದಕ್ಕೂ ನೀರನ್ನು ಬಿಡಲು, ನಿಲ್ಲಿಸಲು ವಾಲ್ವುಗಳು ಬೇಕಾಗಿದ್ದವು. ಚಿಕ್ಕವು, ಮಧ್ಯದವು, ಒಬ್ಬ ಮನುಷ್ಯ ತಬ್ಬಿಕೊಳ್ಳುವಷ್ಟು ದೊಡ್ಡವು. ಅಲ್ಲಿಯವರೆಗೆ ಅಂಥವು ಮದರಾಸಿನಿಂದಲೋ ಕಲ್ಕತ್ತೆಯಿಂದಲೋ ಬರುತ್ತಿದ್ದವಂತೆ. ನಮ್ಮ ಜಿಲ್ಲೆಯಲ್ಲೇ ಆಗುತ್ತದೆ ಎಂದರೆ ರಾಮಣ್ಣನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅದಕ್ಕೊಂದು ಷರತ್ತು ಇತ್ತು. ವಾಲ್ವುಗಳು ಕಾರ್ಖಾನೆ ಬಿಟ್ಟು ಹೊರಡುವ ಮೊದಲು ಒಂದೊಂದನ್ನೂ ಒತ್ತಡ ಹಾಕಿ ಪರೀಕ್ಷೆ ಮಾಡಬೇಕು. ಕೊಳವೆಯಲ್ಲಿ ಹರಿಯುವ ನೀರಿಗಿರುವ ಒತ್ತಡದ ಎರಡರಷ್ಟನ್ನು ಅದು ತಡೆಯಬೇಕು. ಆ ಪರೀಕ್ಷೆ ನಡೆಯುವಾಗ ಮಾಡುವವರ ಕಡೆಗೂ ಕೊಳ್ಳುವವರ ಕಡೆಗೂ ಸೇರದ ಒಬ್ಬ ಇನ್‌ಸ್ಪೆಕ್ಟರು ಪಕ್ಕದಲ್ಲಿ ನಿಂತು ನೋಡಬೇಕು. ಅವನ ಮುದ್ರೆ ಬೀಳದ ವಾಲ್ವನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

"ಮಾಡೋರು ನಾವು, ತಗಳೋರು ಅವ್ರು. ನಡುವೆ ಈ ಮೂರ್ನೇವ್ರು ಯಾತಕ್ಕೆ?" ಎಂದು ಕೆಂಪಣ್ಣ ಗೊಣಗಿದ. ಆ ಮಾತು ಎಲ್ಲರ ಬಾಯಿಗೂ ಹತ್ತಿತು. ಬರಲಿರುವ ಇನ್‌ಸ್ಪೆಕ್ಟರಿಗೆ, ಅವನ ಮುಖ ನೋಡುವ ಮುಂಚೆಯೇ, ಮೂರನೆಯವರು ಎಂಬ ಹೆಸರಾಯಿತು.

ಮೂರನೆಯವರು ಮೇ ತಿಂಗಳ ಒಂದು ಬೆಳಿಗ್ಗೆ ಬೆಂಗಳೂರಿನಿಂದ ಬಂದಿಳಿದರು. ದೇವರಾಜು ಎಂದು ಹೆಸರು. ತೆಳ್ಳಗಿನ ಆಳು, ಕನ್ನಡಕ, ಕೈಯಲ್ಲಿ ಮಗುವಿನಂತೆ ಹಿಡಿದುಕೊಂಡ ಒಂದು ಮರದ ಡಬ್ಬಿ. ಮಾತಾಡಿಸಿದಾಗ ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯವನೇ ಎಂದು ತಿಳಿಯಿತು. ರಾಮಣ್ಣನ ಮುಖ ಅರಳಿತು.

"ಅಯ್ಯೋ, ನಮ್ಮ ಕಡೇವ್ರೇ! ಮೊದ್ಲೇ ಹೇಳ್ಬಾರ್ದಾ? ನಡೀರಿ, ಮನೇಲಿ ತಿಂಡಿ ಮುಗಿಸ್ಕಂಡು ಬರೋಣ."

"ಖಂಡಿತ ಬರ್ತೀನಿ ರಾಮಣ್ಣೋರೆ. ಮುದ್ರೆ ಒತ್ತಿ ಆದ್ಮೇಲೆ ಬರ್ತೀನಿ," ಎಂದ ದೇವರಾಜು. ನಗುತ್ತಲೇ ಹೇಳಿದರೂ ಅಲ್ಲಿಂದ ಕದಲಲಿಲ್ಲ.

ಸಾಲಾಗಿ ಜೋಡಿಸಿಟ್ಟಿದ್ದ ವಾಲ್ವುಗಳನ್ನು ನೋಡಿದವನು ಮೊದಲು ಹೇಳಿದ್ದೇ ಬಣ್ಣ ಕೆರೆಯಿರಿ ಎಂದು. ರಾಮಣ್ಣ ಅಂದ ಕಾಣಲೆಂದು ಎಲ್ಲಕ್ಕೂ ಕಪ್ಪು ಬಣ್ಣ ಬಳಿಸಿದ್ದ. ಕಬ್ಬಿಣದಲ್ಲಿ ಸೂಜಿಮೊನೆಯಂಥ ತೂತಿದ್ದರೆ ಬಣ್ಣ ಅದನ್ನು ಮುಚ್ಚಿಬಿಡುತ್ತದೆ, ಆಮೇಲೆ ನೆಲದೊಳಗೆ ಹೋಗಿ ಸೋರುತ್ತದೆ ಎಂದ ದೇವರಾಜು. ಮಾಯಮ್ಮ ಮತ್ತು ಉಳಿದ ಹೆಂಗಸರು ತಂತಿ ಬ್ರಷ್ಷು ಹಿಡಿದು ಇಡೀ ದಿನ ತಿಕ್ಕಿದರು. ಅವತ್ತು ಮೂರನೆಯವರ ಬಗ್ಗೆ ಆ ಅಂಗಳದಲ್ಲಿ ಆಡಿದ ಮಾತುಗಳನ್ನು ಬರೆಯುವಂತಿಲ್ಲ.

ಡಬ್ಬಿಯಲ್ಲಿದ್ದದ್ದು ಒತ್ತಡ ತೋರಿಸುವ ಗಡಿಯಾರ. ಕಾರ್ಖಾನೆಯಲ್ಲೂ ಒಂದಿತ್ತು. ಆದರೆ ದೇವರಾಜು ತನ್ನದನ್ನೇ ಹಾಕಿಸಿದ. ತಾನು ಪರೀಕ್ಷೆ ಮಾಡಿಸಿ ತಂದ ಗಡಿಯಾರವನ್ನೇ ನೋಡಬೇಕು ಎನ್ನುವುದು ನಿಯಮ. ವಾಲ್ವಿನ ಎರಡೂ ಬಾಯಿಗಳನ್ನು ಬಿಲ್ಲೆಯಿಂದ ಬಿಗಿದು, ಒಳಗೆ ನೀರು ತುಂಬಿ, ಕೈಪಂಪಿನಿಂದ ಒತ್ತಡ ಏರಿಸುತ್ತಾ ಹೋಗಬೇಕು. ಪಂಪಿನ ಹಿಡಿ ಒತ್ತಲು ಮಾಯಮ್ಮನನ್ನು ನಿಲ್ಲಿಸಿದರು. ಗಂಡಸರು ಜೋರಾಗಿ ಜಗ್ಗುತ್ತಿದ್ದರು, ಮುಳ್ಳು ಹಾರುತ್ತಿತ್ತು. ಅವಳ ಕೈ ಒಂದೇ ಸಮನಾಗಿತ್ತು. ಚಿಕ್ಕ ವಾಲ್ವುಗಳೆಲ್ಲ ಒಂದಾದ ಮೇಲೊಂದು ತಡೆದು ನಿಂತವು. ದೇವರಾಜು ಪ್ರತಿಯೊಂದರ ಮೈಯನ್ನೂ ಒಣ ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡಿ, ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದು ಮುದ್ರೆ ಒತ್ತಿದ.

ದೊಡ್ಡವಕ್ಕೆ ಬರುವ ಹೊತ್ತಿಗೆ ಪಂಪಿನೊಳಗಿನ ಚರ್ಮದ ಬಿಲ್ಲೆ ಹರಿದುಹೋಯಿತು. ಬೆಂಗಳೂರಿನಿಂದ ತರಿಸಬೇಕು. ಲಾರಿಗೆ ಆಗಲೇ ಹೇಳಿಯಾಗಿತ್ತು. ರಾಮಣ್ಣ ಅತ್ತಿತ್ತ ಓಡಾಡಿ, ಬಸ್ಸಿನ ಷೆಡ್ಡೊಂದರಿಂದ ಚಕ್ರಕ್ಕೆ ಗಾಳಿ ತುಂಬುವ ಯಂತ್ರವನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ಬಂದ.

"ಗಾಳಿ ಬಿಡೋಣ. ಮೈಗೆಲ್ಲ ಸೋಪಿನ ನೊರೆ ಹಚ್ಚಿದ್ರೆ ಸೋರೋ ಕಡೆ ಗುಳ್ಳೆ ಬರ್ತದೆ. ಬಸ್ಸಿನ ಟೈರಿಗೆ ಹಂಗೇ ಅಲ್ವ ನೋಡೋದು? ಅರ್ಧ ದಿನದಲ್ಲಿ ಮುಗಿದೋಗ್ತದೆ."

"ಬೇಡ," ಎಂದ ದೇವರಾಜು.

"ಯಾಕ್ರೀ? ಒತ್ತಡ ಒತ್ತಡವೇ ತಾನೇ? ಗಾಳೀದಾದ್ರೇನು, ನೀರಿಂದಾದ್ರೇನು?"

"ಗಾಳಿ ಅದುಮಿದಷ್ಟೂ ಮುದುರಿಕೊಳ್ತದೆ ರಾಮಣ್ಣೋರೆ. ಕಬ್ಬಿಣ ಬಿಟ್ಕೊಂಡ್ರೆ ಒಂದೇ ಸಲಕ್ಕೆ ಹರವಿಕೊಳ್ತದೆ. ಚೂರುಗಳ್ನ ಗುಂಡಿನ ಹಂಗೆ ಎಸೀತದೆ. ನೀರು ಮುದುರೋದಿಲ್ಲ. ಬಿರುಕು ಬಿಟ್ರೆ ಚೆಲ್ಲಿ ಸುಮ್ನಾಗ್ತದೆ. ಅದ್ಕೇ ಒಳಗೆ ನೀರೇ ಇರ್ಬೇಕು, ಒಂದು ಗುಟುಕು ಗಾಳೀನೂ ಉಳೀಬಾರ್ದು."

"ನಮ್ಮ ಕಡೇವ್ರು ಅಂದ್ಕಂಡೆ..." ಎಂದು ರಾಮಣ್ಣ ರಾಗ ಎಳೆದ.

"ನಿಮ್ಮ ಕಡೇವ್ನೇ. ಆದ್ರೆ ಇಲ್ಲಿ ನಾನು ನಿಮ್ಮ ಕಡೆಗೂ ಇಲ್ಲ, ಅವ್ರ ಕಡೆಗೂ ಇಲ್ಲ. ಪಂಪು ರಿಪೇರಿ ಆಗೋವರೆಗೂ ಇಲ್ಲೇ ಇರ್ತೀನಿ."

ಆ ದಿನ ಸಮಾಧಾನ ಮಾಡಿದವನು ಕೆಂಪಣ್ಣನೇ. ಪೇಟೆಗೆ ಹೋಗಿ ಚಪ್ಪಲಿ ಅಂಗಡಿಯಿಂದ ದಪ್ಪನೆಯ ಎಮ್ಮೆ ಚರ್ಮ ತಂದು, ಹಳೆಯ ಬಿಲ್ಲೆಯ ಅಳತೆಗೆ ಕೊಯ್ದು, ಹರಳೆಣ್ಣೆಯಲ್ಲಿ ನೆನೆಹಾಕಿದ. ಮರುದಿನ ಬೆಳಿಗ್ಗೆ ಪಂಪು ಮತ್ತೆ ಒತ್ತಡ ಹಿಡಿಯಿತು.

ಇಳಿಹೊತ್ತಿನಲ್ಲಿ ಎಲ್ಲಕ್ಕಿಂತ ದೊಡ್ಡ ವಾಲ್ವನ್ನು ಕಟ್ಟೆಯ ಮೇಲೆ ಎತ್ತಿ ಕೂರಿಸಿದರು. ಮೇಲಿನ ತಿರುಪು ಸಡಿಲಿಸಿ, ಗುಳುಗುಳು ನಿಂತು ಬರೀ ನೀರು ಉಕ್ಕುವವರೆಗೆ ತುಂಬಿದರು. ಆಮೇಲೆ ತಿರುಪು ಬಿಗಿದರು. ಮಾಯಮ್ಮ ಸೆರಗು ಸಿಕ್ಕಿಸಿಕೊಂಡು ಹಿಡಿಗೆ ಕೈ ಹಾಕಿದಳು. ವಾಲ್ವಿಗೂ ಅವಳಿಗೂ ಒಂದು ಮೊಳ ದೂರವೂ ಇರಲಿಲ್ಲ. ಮುಳ್ಳು ಮೆಲ್ಲಗೆ ಏರಿತು. ಇನ್ನೇನು ಹೇಳಿದ ಗೆರೆ ಮುಟ್ಟಬೇಕು, ಅಷ್ಟರಲ್ಲಿ ತೆಂಗಿನಕಾಯಿ ಕಲ್ಲಿಗೆ ಅಪ್ಪಳಿಸಿದಂಥ ಸದ್ದಾಯಿತು. ವಾಲ್ವಿನ ಮೇಲ್ಭಾಗ ಸೀಳಿ, ಅಂಗೈ ಅಗಲದ ಕಬ್ಬಿಣದ ತುಂಡೊಂದು ಕಳಚಿ ಅವಳ ಪಾದದ ಪಕ್ಕದಲ್ಲಿ ಬಿತ್ತು. ನೀರು ಅವಳ ಎದೆಗೆ, ಮುಖಕ್ಕೆ ರಾಚಿತು. ಮುಳ್ಳು ತಟ್ಟನೆ ಸೊನ್ನೆಗೆ ಬಂತು. ಅಷ್ಟೇ.

ಮಾಯಮ್ಮ ಹಿಡಿಯನ್ನು ಬಿಡದೆ ಹಾಗೇ ನಿಂತಿದ್ದಳು. ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ರಾಮಣ್ಣ ಅಂಗಳದ ಮೂಲೆಯಲ್ಲಿ ಇನ್ನೂ ನಿಂತಿದ್ದ ಗಾಳಿಯ ಯಂತ್ರವನ್ನು ನೋಡಿದ, ಮಾಯಮ್ಮನನ್ನು ನೋಡಿದ, ಅಲ್ಲೇ ಮರಳಿನ ರಾಶಿಯ ಮೇಲೆ ಕುಸಿದು ಕೂತ.

ಹೆದರಿಕೆ ಇಳಿದ ಮೇಲೆ ಸಿಟ್ಟು ಬಂತು. ದೇವರಾಜು ತನ್ನ ಬಿಡಾರಕ್ಕೆ ಹೋದ ನಂತರ ರಾಮಣ್ಣ ಕೂಗಾಡಿದ. ಹೇಗೆ ಒಡೆಯಿತು, ಯಾಕೆ ಒಡೆಯಿತು ಎಂದು ಎಲ್ಲರೆದುರು ಕೆಂಪಣ್ಣನನ್ನು ಕೇಳಿದ. ಕೆಂಪಣ್ಣ ಒಡೆದ ತುಂಡನ್ನು ಕಾಲಿನಿಂದ ಸರಿಸಿದ.

"ಕೋರು ಸರಿಯಾಗಿಲ್ದೆ ಇದ್ರೆ ಇಂಗಾಯ್ತದೆ, ಗೌಡ್ರೇ," ಎಂದುಬಿಟ್ಟ.

ಕೋರು ಮಾಡುವವಳು ಒಬ್ಬಳೇ. ನಾಳೆಯಿಂದ ಬರಬೇಡ ಎಂದು ರಾಮಣ್ಣ ಮಾಯಮ್ಮನಿಗೆ ಹೇಳಿದ. ಅವಳು ಕೆಂಪಣ್ಣನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

ಸಂಜೆ ಬೈರಯ್ಯ ಬಂದಾಗ ಅವಳ ಸೀರೆ ಇನ್ನೂ ಒದ್ದೆಯಾಗಿತ್ತು.

"ಇದೇನೇ, ಎಲ್ಲಿ ನೆನ್ಕಂಡೆ?"

ಅವಳು ಎಲ್ಲವನ್ನೂ ಹೇಳಿದಳು. ಅವನು ಎದ್ದು ನಿಂತ. "ನಡಿ, ಈಗ್ಲೇ ಓಗಿ ಕೇಳ್ತೀನಿ. ನಿಂದು ತಪ್ಪು ಅಂತ ಯಾವನ್ ನೋಡ್ದ?"

"ಕೂತ್ಕ ಸುಮ್ಕೆ. ಜೀವ ಉಳ್ಕತಲ್ಲ, ಕೆಲ್ಸ ಓದ್ರೆ ಓಗ್ಲಿ." ಹಾಗೆಂದರೂ ಆ ರಾತ್ರಿ ಅವಳ ಬೆರಳುಗಳು ಹಿಟ್ಟು ನಾದುವಾಗ ಮರದ ಪೆಟ್ಟಿಗೆಯನ್ನೇ ನೆನೆಯುತ್ತಿದ್ದವು. ಎಲ್ಲಿ ಒತ್ತುವುದನ್ನು ಮರೆತೆ, ಯಾವ ಕಡೆ ಸಡಿಲ ಬಿಟ್ಟೆ ಎಂದು ಹುಡುಕಿ ಹುಡುಕಿ ಸೋತಳು.

ಮರುದಿನ ದೇವರಾಜು ಬಂದವನೇ ಪಂಪಿನ ಹತ್ತಿರ ಅವಳನ್ನು ಕಾಣದೆ ವಿಚಾರಿಸಿದ. ಬಿಡಿಸಿದೀನಿ ಎಂದ ರಾಮಣ್ಣ.

"ಯಾರನ್ನ ಬಿಡಿಸ್ತೀರಿ, ಇಟ್ಕೊಳ್ತೀರಿ, ಅದು ನಿಮ್ಮಿಷ್ಟ. ನಂಗೆ ಸೇರಿದ್ದಲ್ಲ," ಎಂದ ದೇವರಾಜು. "ಆದ್ರೆ ಒಂದು ಒಡೆದ್ರೆ ಯಾಕೆ ಒಡೀತು ಅಂತ ಗೊತ್ತಾಗ್ಬೇಕು. ಗೊತ್ತಾಗೋವರೆಗೂ ಅದ್ರ ಜೊತೆ ಎರೆದ ಯಾವ ವಾಲ್ವಿಗೂ ನಾನು ಮುದ್ರೆ ಹೊಡೆಯೋ ಹಾಗಿಲ್ಲ. ಕೋರು ಮಾಡಿದೋರೇ ಇಲ್ದಿದ್ರೆ ಹುಡುಕೋದು ಹೆಂಗೆ? ಕರೆಸಿ ಅವ್ರನ್ನ."

ರಾಮಣ್ಣ ಕೆಂಪಣ್ಣನನ್ನೇ ಕಳಿಸಿದ. ಕೆಂಪಣ್ಣ ಕೇರಿಗೆ ಬಂದು, ಬಾಗಿಲ ಹೊರಗೆ ನಿಂತು, "ಬರ್ಬೇಕಂತೆ ಕಣವ್ವ" ಎಂದ. ಇಬ್ಬರೂ ಹಳಿಯ ಪಕ್ಕದ ಕಾಲುದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆದರು. ಕೆಂಪಣ್ಣ ಎರಡು ಸಲ ನಿಂತು ಹಿಂದೆ ತಿರುಗಿದ. ಎರಡು ಸಲವೂ ಹಾಗೇ ಮುಂದೆ ನಡೆದ.

ಒಡೆದ ವಾಲ್ವನ್ನು ಸುತ್ತಿಗೆಯಿಂದ ಪೂರಾ ಒಡೆಸಿ, ದೇವರಾಜು ಗೋಡೆಯ ದಪ್ಪ ಅಳೆದ. ಕೆಳಗಡೆ ಬೇಕಾದ್ದಕ್ಕಿಂತ ದಪ್ಪವಿತ್ತು, ಮೇಲ್ಗಡೆ ಹಪ್ಪಳದ ಹಾಗೆ ತೆಳುವಾಗಿತ್ತು. ಆಮೇಲೆ ಮಾಯಮ್ಮನ ಕಡೆ ತಿರುಗಿ, ಆ ವಾಲ್ವಿಗೆ ಹೇಗೆ ಮಾಡಿದ್ದೆಯೋ ಹಾಗೇ ಒಂದು ಕೋರು ಮಾಡಿ ತೋರಿಸಮ್ಮ ಎಂದ. ಅವಳು ಮರಳಿಗೆ ಕಾಕಂಬಿ ಕಲೆಸಿ ಪೆಟ್ಟಿಗೆಯಲ್ಲಿ ಒತ್ತಿದಳು. ಕೋರು ಬೆಂದು ಆರಿದ ಮೇಲೆ ದೇವರಾಜು ಅದನ್ನು ಸುತ್ತಲೂ ಅಳೆದ. ಎಲ್ಲೂ ಹೆಚ್ಚುಕಡಿಮೆ ಇರಲಿಲ್ಲ.

"ಕೋರು ಸರಿಯಾಗಿದೆ," ಎಂದ. "ಕಬ್ಬಿಣ ಹೊಯ್ದಾಗ ಅದು ಇದ್ದ ಜಾಗ ಬಿಟ್ಟು ಮೇಲಕ್ಕೆ ತೇಲಿದೆ. ತೇಲದ ಹಾಗೆ ಹಿಡ್ಕೊಳ್ಳೋಕೆ ಏನಿಡ್ತೀರಿ?"

ಕೆಂಪಣ್ಣ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ.

"ತವರ ಹಚ್ಚಿದ ಆಸರೆ ಮೊಳೆ ಇಡ್ತೀವಿ, ಸಾ. ಸುತ್ತಾನೂ ಇಡ್ಬೇಕು. ಅವತ್ತು ಸಾಕಾಗಂಗೆ ಇರ್ಲಿಲ್ಲ. ಬೆಂಗ್ಳೂರಿಂದ ಬರೋದು ತಡ ಆಯ್ತು. ಕುಲುಮೆ ಹಚ್ಬುಟ್ಟಿದ್ವಿ. ಕೆಳ್ಗಡೆ ಇಟ್ಟು ಮೇಲ್ಗಡೆ ಇಡ್ಲಿಲ್ಲ. ನಿಂತ್ಕತದೆ ಅಂದ್ಕಂಡೆ." ಟವೆಲನ್ನು ಹೆಗಲಿಗೆ ಹಾಕಿಕೊಂಡು, "ಮಾಯಮ್ಮಂದು ಏನೂ ತಪ್ಪಿಲ್ಲ. ನಿನ್ನೆ ನಾ ಅಂದಿದ್ದು ಸುಳ್ಳು," ಎಂದ.

ರಾಮಣ್ಣ ಕೆಂಪಣ್ಣನತ್ತ ಒಂದು ಹೆಜ್ಜೆ ಇಟ್ಟ. ಅವನು ಬಾಯಿ ತೆರೆಯುವ ಮೊದಲೇ ಮಾಯಮ್ಮ ಮುಂದೆ ಬಂದಳು. ಮಾಲೀಕನ ಎದುರು ಅವಳು ತಾನಾಗಿಯೇ ಮಾತಾಡಿದ್ದು ಅದೇ ಮೊದಲು.

"ಗೌಡ್ರೇ, ಮೇಸ್ತ್ರಿನ ಬುಡುಸ್ಬ್ಯಾಡಿ. ಜರಡಿ ಇಡ್ಕಂಡಿದ್ದ ನನ್ನ ಕರ್ದು ಕಲ್ಸಿದೋರು. ನಂಗೆ ಈ ಕೆಲ್ಸ ಬಂದಿದ್ದೇ ಅವ್ರಿಂದ."

ಕೆಂಪಣ್ಣ ಅವಳ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿಕೊಂಡ. ದೇವರಾಜು ನಡುವೆ ಬಾಯಿ ಹಾಕಲಿಲ್ಲ. ಗಡಿಯಾರವನ್ನು ಬಿಚ್ಚಿ ಡಬ್ಬಿಗೆ ಹಾಕುವುದರಲ್ಲೇ ಇದ್ದ. ರಾಮಣ್ಣ, ಯಾರಿಗೆ ಹೇಳುತ್ತಿದ್ದೇನೆ ಎಂದು ತನಗೇ ತಿಳಿಯದವನಂತೆ, "ಇದ್ದದ್ರಲ್ಲೇ ಮುಗ್ಸು ಅಂದೋನು ನಾನೇ ಅಲ್ವ," ಎಂದ. ಯಾರನ್ನೂ ಬಿಡಿಸಲಿಲ್ಲ.

ಆ ದಿನ ಎರೆದ ದೊಡ್ಡ ವಾಲ್ವುಗಳನ್ನೆಲ್ಲ ಒಡೆದು ಮತ್ತೆ ಕುಲುಮೆಗೆ ಹಾಕಿದರು. ಲಾರಿಯನ್ನು ವಾಪಸು ಕಳಿಸಿದರು. ಆಸರೆ ಮೊಳೆಗಳು ರೈಲಿನಲ್ಲಿ ಬಂದವು. ಹೊಸ ಕೋರುಗಳಿಗೆ ಮಾಯಮ್ಮ ಮರಳು ಕಲೆಸುವಾಗ ಕೆಂಪಣ್ಣ ಪಕ್ಕದಲ್ಲಿ ಕೂತು ಕಾಕಂಬಿ ಹೊಯ್ದುಕೊಟ್ಟ. ಇಬ್ಬರೂ ಮೊದಲಿನಂತೆ ಎಲೆ ಅಡಿಕೆ ಹಂಚಿಕೊಂಡರು.

ಮುಂಗಾರು ಹಿಡಿದ ಮೇಲೆ ದೇವರಾಜು ಎರಡನೆಯ ಸಲ ಬಂದ. ಮಾಯಮ್ಮನೇ ಪಂಪು ಒತ್ತಿದಳು. ಮುಳ್ಳು ಗೆರೆ ಮುಟ್ಟಿ ನಿಂತಿತು. ದೇವರಾಜು ವಾಲ್ವಿನ ಸುತ್ತ ಒಂದು ಸುತ್ತು ಬಂದ, ಒರೆಸಿದ, ಬೆರಳಾಡಿಸಿದ. ಆಮೇಲೆ ಒಳಗಿನ ತಡೆಯನ್ನು ಮುಚ್ಚಿಸಿ, ಒಂದು ಕಡೆ ಒತ್ತಡ ಹಾಕಿಸಿ, ಇನ್ನೊಂದು ಕಡೆ ನೀರು ಜಿನುಗುತ್ತದೆಯೇ ಎಂದು ಕೂತು ನೋಡಿದ. ಜಿನುಗಲಿಲ್ಲ. ಎಲ್ಲ ದೊಡ್ಡ ವಾಲ್ವುಗಳೂ ತಡೆದವು. ಕೊನೆಯ ಮುದ್ರೆ ಬಿದ್ದ ತಕ್ಷಣ ಅವನು ಕೈ ತೊಳೆದುಕೊಂಡು, "ರಾಮಣ್ಣೋರೆ, ಈಗ ಊಟಕ್ಕೆ ನಡೀರಿ" ಎಂದ. ರಾಮಣ್ಣ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಕರೆದೊಯ್ದ.

ಊಟ ಮುಗಿಸಿ ಬಂದು, ರೈಲಿಗೆ ಇನ್ನೂ ಹೊತ್ತಿದೆಯೆಂದು ಹೊಂಗೆ ಮರದ ಕೆಳಗೆ ಕೂತಿದ್ದಾಗ ಮಾಯಮ್ಮ ಅವನ ಹತ್ತಿರ ಹೋದಳು.

"ಸಾ, ನೀವ್ ನನ್ ಜೀವ ಉಳ್ಸಿದ್ರಿ. ಎಂಗೆ ಯೋಳ್ಬೇಕು ಅಂತ ನಂಗೆ ಗೊತ್ತಾಗಾಕಿಲ್ಲ."

ದೇವರಾಜು ಕನ್ನಡಕ ತೆಗೆದು ಒರೆಸಿಕೊಂಡ.

"ನಾನಲ್ಲ ಕಣಮ್ಮ. ದೊಡ್ಡಯ್ಯ ಅಂತ ಒಬ್ರಿದ್ರು. ಬೆಂಗಳೂರಲ್ಲಿ ನಾನು ಕೆಲ್ಸಕ್ಕೆ ಸೇರಿದ ಹೊಸದ್ರಲ್ಲಿ ನಂಗೆ ಪಂಪು ಹಿಡಿಯೋದು ಕಲಿಸಿದೋರು. ಒಂದು ಕಡೆ ಅವಸರ ಅಂತ ಗಾಳಿ ಬಿಟ್ಟು ಪರೀಕ್ಷೆ ಮಾಡಿದ್ರು. ದೊಡ್ಡಯ್ಯನವ್ರು ನೊರೆ ಹಚ್ಚಿ, ಸದ್ದು ಕೇಳ್ತದಾ ಅಂತ ಕಬ್ಬಿಣಕ್ಕೆ ಕಿವಿ ಇಟ್ಟಿದ್ರು. ಒಡೀತು." ಕನ್ನಡಕ ಮತ್ತೆ ಹಾಕಿಕೊಂಡು, "ಅವತ್ತಿಂದ ಗಾಳಿ ಅಂದ್ರೆ ನಾನು ಒಪ್ಪೋದಿಲ್ಲ. ಯಾರು ಹೇಳಿದ್ರೂ ಒಪ್ಪೋದಿಲ್ಲ," ಎಂದ.

ಮಾಯಮ್ಮ ಕೈ ಮುಗಿದು ಹಿಂದಕ್ಕೆ ಬಂದಳು. ಆ ಹೆಸರು ಅವಳ ಮನಸ್ಸಿನಲ್ಲಿ ಉಳಿಯಿತು.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ಗಂಡ ಹೆಂಡತಿ ಹಳೇಕೋಟೆಗೆ ಹೋದರು. ಹಿರಿಯರ ಹಬ್ಬ. ಸತ್ತ ಹಿರಿಯರಿಗೆ ಅವರವರಿಗೆ ಇಷ್ಟವಾದದ್ದನ್ನು ಬಡಿಸಿ ಎಡೆ ಇಡಬೇಕು. ಮಾಯಮ್ಮ ಅತ್ತೆಗೆ, ಮಾವನಿಗೆ, ತನ್ನ ತಂದೆಗೆ ಬಾಳೆ ಎಲೆ ಹಾಸಿದಳು. ಆಮೇಲೆ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿ ಅನ್ನ, ಸಾರು, ಕಜ್ಜಾಯ ಬಡಿಸಿದಳು.

"ಇದ್ಯಾರ್ಗೆ?" ಎಂದ ಬೈರಯ್ಯ.

"ದೊಡ್ಡಯ್ಯ ಅಂತ ಬೆಂಗ್ಳೂರ್ನೋರು. ಅವ್ರ್ ಸತ್ತಿದ್ದಕ್ಕೇ ನಾನ್ ಬದುಕ್ಕಂಡಿರೋದು."

"ಅವ್ರು ಯಾವ ಜನ, ಏನು, ಎತ್ತ..."

"ಕೇಳ್ಲಿಲ್ಲ."

ಬೈರಯ್ಯ ತಲೆ ಕೆರೆದುಕೊಂಡ. ಸತ್ತವರಿಗೆ ಏನು ಇಷ್ಟವಿತ್ತು ಎಂದು ತಿಳಿಯದೆ ಎಡೆ ಇಡುವುದು ಹೇಗೆ ಎನ್ನುವುದೇ ಅವನ ಚಿಂತೆ. ಕೊನೆಗೆ ತನ್ನ ಜೇಬಿನಿಂದ ಬೀಡಿ ಕಟ್ಟು ತೆಗೆದು, ಎರಡು ಬೀಡಿ ಆ ಎಲೆಯ ಅಂಚಿನಲ್ಲಿಟ್ಟ. "ಕಾರ್ಖಾನೇಲಿ ದುಡ್ದೋರು. ಸೇದ್ತಿದ್ರೇನೋ," ಎಂದ. ಅಲ್ಲಿಂದ ಮುಂದೆ ಪ್ರತಿ ವರ್ಷವೂ ಅವರ ಮನೆಯ ಹಿರಿಯರ ಸಾಲಿನಲ್ಲಿ ಆ ಎಲೆ ಬೀಳುತ್ತಿತ್ತು. ಊರವರು ಕೇಳಿದರೆ ಬೈರಯ್ಯ, "ನಮ್ಮ ಬೆಂಗ್ಳೂರು ಹಿರೀಕ್ರು" ಎನ್ನುತ್ತಿದ್ದ.

ರಾಮಣ್ಣನ ಎರಕದ ಮನೆ ಬೆಳೆಯಿತು. ಕೊಳ್ಳುವವರು ಕೇಳದಿದ್ದಾಗಲೂ ದೊಡ್ಡ ವಾ‌ಲ್ವುಗಳಿಗೆ ಅವನೇ ಮೂರನೆಯವರನ್ನು ಕರೆಸುತ್ತಿದ್ದ. ಅದಕ್ಕೆ ತಗಲುವುದನ್ನು ತಾನೇ ಭರಿಸುತ್ತಿದ್ದ. ಗಾಳಿಯ ಯಂತ್ರ ಆ ಗೇಟಿನೊಳಗೆ ಮತ್ತೆ ಬರಲಿಲ್ಲ. ಕೆಂಪಣ್ಣನಿಗೆ ಕಣ್ಣು ಮಂಜಾದ ಮೇಲೆ, ಸಾವಿರದ ಒಂಬೈನೂರ ಅರವತ್ತೈದರ ಸುಮಾರಿಗೆ, ಆಸರೆ ಮೊಳೆಗಳನ್ನು ಎಣಿಸಿ ಇಡುವ ಕೆಲಸವೂ ಮಾಯಮ್ಮನ ಪಾಲಿಗೆ ಬಂತು. ಅವನು ಬಾಗಿಲಲ್ಲಿ ಕೂತು, "ಮೇಲ್ಗಡೆ ಇಟ್ಟೇನವ್ವ?" ಎಂದು ಪ್ರತಿ ಸಲ ಕೇಳುತ್ತಿದ್ದ. ಅವಳು ಪ್ರತಿ ಸಲ, "ಇಟ್ಟೆ ಕಣಣ್ಣ" ಎನ್ನುತ್ತಿದ್ದಳು.

ಅರಕಲಗೂಡಿಗೆ ನೀರು ಬಂದದ್ದು ಅದಕ್ಕೂ ಮುಂಚೆ, ಅರವತ್ತೊಂದರಲ್ಲಿ. ಮಾಯಮ್ಮನ ತಂಗಿ ಮಾದಮ್ಮನನ್ನು ಅಲ್ಲಿಯ ಕೇರಿಗೆ ಕೊಟ್ಟಿತ್ತು. ಆ ಕೇರಿಯ ಹೆಂಗಸರು ಪೇಟೆಯ ಬಾವಿ ಮುಟ್ಟುವಂತಿರಲಿಲ್ಲ. ಕಟ್ಟೆಯ ಆಚೆ ಬಿಂದಿಗೆ ಇಟ್ಟುಕೊಂಡು, ಯಾರಾದರೂ ಸೇದಿ ಹೊಯ್ಯಲಿ ಎಂದು ಕಾಯಬೇಕಿತ್ತು. ಬಿಸಿಲು ಏರುವವರೆಗೂ ಕಾದು ಬರಿಗೈಯಲ್ಲಿ ಬಂದ ದಿನಗಳನ್ನು ಮಾದಮ್ಮ ಅಕ್ಕನಿಗೆ ಎಷ್ಟೋ ಸಲ ಹೇಳಿ ಅತ್ತಿದ್ದಳು. ಈಗ ಕೇರಿಯ ಬಾಯಲ್ಲೂ ಒಂದು ನಲ್ಲಿ ನಿಲ್ಲಿಸಿದ್ದರು. ನೀರು ಬಿಟ್ಟಾಗ ಬಾ ಎಂದು ಮಾದಮ್ಮ ಹೇಳಿ ಕಳಿಸಿದ್ದಳು. ಮಾಯಮ್ಮ ರಜೆ ಹಾಕಿ ಬಸ್ಸು ಹತ್ತಿದಳು.

ಬೆಳಿಗ್ಗೆ ನೀರು ಬಿಡುವವನು ಬಂದು, ರಸ್ತೆ ಬದಿಯ ಗುಂಡಿಯ ಮುಚ್ಚಳ ತೆಗೆದು, ಉದ್ದನೆಯ ಕೀಲಿ ಇಳಿಸಿ ತಿರುಗಿಸಿದ. ಮಾಯಮ್ಮ ಬಗ್ಗಿ ನೋಡಿದಳು. ಗುಂಡಿಯೊಳಗೆ ವಾಲ್ವು ಕೂತಿತ್ತು. ಅಂಚಿನಲ್ಲಿ ಮುದ್ರೆಯ ಗುರುತು ಮಸುಕಾಗಿ ಕಾಣುತ್ತಿತ್ತು.

"ಅಲ್ಲೇನಕ್ಕಯ್ಯ ನೋಡ್ತಿದ್ದೀ?" ಎಂದಳು ಮಾದಮ್ಮ.

"ನಾವ್ ಮಾಡಿದ್ದು ಕಣೆ. ನಾನೇ ಪಂಪು ಒತ್ತಿದ್ದೆ ಇದ್ಕೆ."

ಮಾದಮ್ಮ ನಂಬದೆ ಬಗ್ಗಿ ನೋಡಿ, ಆಮೇಲೆ ಕೇರಿಯವರಿಗೆಲ್ಲ ಕೇಳುವಂತೆ ಕೂಗಿದಳು: "ಬನ್ರೇ, ನಮ್ಮಕ್ಕನ ಕೈಕೆಲ್ಸವಂತೆ ಇದು!" ಹೆಂಗಸರು ಸುತ್ತ ಸೇರಿದರು. ನಲ್ಲಿ ಕೆಮ್ಮಿತು, ಗಾಳಿ ಉಗುಳಿತು, ಆಮೇಲೆ ನೀರು ಬಿತ್ತು. ಮೊದಲ ಬಿಂದಿಗೆಯನ್ನು ಯಾರು ಇಡಬೇಕು ಎಂದು ಸ್ವಲ್ಪ ಗದ್ದಲವಾಗಿ, ಕೊನೆಗೆ ಎಲ್ಲರೂ ಮಾಯಮ್ಮನ ಕೈಗೆ ಬಿಂದಿಗೆ ಕೊಟ್ಟರು. ಅದು ತುಂಬುವವರೆಗೂ ಅವಳು ಅದರ ಕೊರಳು ಹಿಡಿದೇ ನಿಂತಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮಾದಮ್ಮ ತಂಬಿಗೆಯಲ್ಲಿ ಮೊಗೆದು ಕೊಟ್ಟು, "ಕುಡ್ದ್ ನೋಡು. ಎಂಗೈತೆ?" ಎಂದಳು.

"ಕಬ್ಬಿಣದ ವಾಸ್ನೆ ಐತೆ," ಎಂದು ಮಾಯಮ್ಮ ನಕ್ಕಳು. "ನಾಕ್ ದಿನ ಓದ್ರೆ ಸರಿ ಓಯ್ತದೆ."

ಪೂರಾ ಕುಡಿದು, ಇನ್ನೊಂದು ತಂಬಿಗೆ ಕೊಡು ಎಂದು ಕೈ ಚಾಚಿದಳು.